ನ್ಯಾಯಪೀಠಕ್ಕೆ ನಾವು ಮತ ಹಾಕಿಲ್ಲ. ಅದು ನಮ್ಮನ್ನು ಪ್ರತಿನಿಧಿಸುವುದು ಹೇಗೆ?

ಓದುಗರ ಪ್ರಶ್ನೆ: ಕಾನೂನು ಅಂಕಣ

ಕಳೆದ ಸಂಚಿಕೆಯ ಉತ್ತರವೊಂದರಲ್ಲಿ, ಪ್ರಜಾಪ್ರಭುತ್ವದಲ್ಲಿ ಶಾಸನಸಭೆಯಂತೆ ನ್ಯಾಯಾಲಯವೂ ಒಂದು ಬಗೆಯಲ್ಲಿ ಜನರನ್ನು ಪ್ರತಿನಿಧಿಸುತ್ತದೆ ಎಂಬ ಮಾತು ಬಂದಿತ್ತು. ಆ ಒಂದು ವಾಕ್ಯವನ್ನು ಹಿಡಿದು ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡು ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ವಕೀಲ ಸಾಹೇಬರಿಗೆ ನಮಸ್ಕಾರ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ನಾವು ಆರಿಸಿ ಕಳಿಸಿದವರೇ ನಮ್ಮ ಪ್ರತಿನಿಧಿಗಳು ಎಂದು ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ. ನ್ಯಾಯಾಧೀಶರನ್ನು ನಾವು ಯಾರೂ ಆರಿಸಿಲ್ಲ. ಹೀಗಿರುವಾಗ ನ್ಯಾಯಾಲಯ ಜನರನ್ನು ಪ್ರತಿನಿಧಿಸುತ್ತದೆ ಎನ್ನುವುದು ಯಾವ ಅರ್ಥದಲ್ಲಿ?
ಶಿಕ್ಷಕರೊಬ್ಬರು, ಚಿತ್ತಾಪುರ

ಉತ್ತರ: ಗುರುಗಳೇ, ನೀವು ಮಕ್ಕಳಿಗೆ ಹೇಳುತ್ತಿರುವುದು ಸರಿಯಾಗಿಯೇ ಇದೆ. ಸಂವಿಧಾನದ 326ನೇ ವಿಧಿ ವಯಸ್ಕರೆಲ್ಲರಿಗೂ ಮತದಾನದ ಹಕ್ಕು ಕೊಟ್ಟಿರುವುದು ಲೋಕಸಭೆ ಮತ್ತು ವಿಧಾನಸಭೆಗಳ ಚುನಾವಣೆಗೆ. ಆ ಅರ್ಥದಲ್ಲಿ ನ್ಯಾಯಾಧೀಶರು ಯಾರ ಪ್ರತಿನಿಧಿಗಳೂ ಅಲ್ಲ, ಆಗಲೂ ಬಾರದು. ಆದರೆ ಮತದಿಂದ ಹುಟ್ಟುವ ಪ್ರಾತಿನಿಧ್ಯದ ಜೊತೆಗೆ ಇನ್ನೊಂದು ಬಗೆಯ ಪ್ರಾತಿನಿಧ್ಯವೂ ಇದೆ ಎಂಬ ವಿಚಾರವನ್ನು ಕೆಲವು ನ್ಯಾಯಶಾಸ್ತ್ರಜ್ಞರು ಮಂಡಿಸಿದ್ದಾರೆ. ಶಾಸನಸಭೆಗೆ ಮತದ ಬಲವೂ ಉಂಟು, ವಾದದ ಬಲವೂ ಉಂಟು. ಸಾಂವಿಧಾನಿಕ ನ್ಯಾಯಾಲಯಕ್ಕೆ ಇರುವುದು ವಾದದ ಬಲ ಮಾತ್ರ, ಅದು ಕೊಡುವ ಕಾರಣಗಳನ್ನು ವಿವೇಚನೆಯುಳ್ಳ ನಾಗರಿಕರು ಒಪ್ಪುವಂತಿದ್ದಾಗ ಮಾತ್ರ ಅದು ಅವರ ಪರವಾಗಿ ಮಾತನಾಡಿದಂತೆ ಎನ್ನುವುದು ಜರ್ಮನಿಯ ರಾಬರ್ಟ್ ಅಲೆಕ್ಸಿ ಅವರ ನಿಲುವಿನ ಸಾರ. ಬ್ರೆಜಿಲ್‌ನ ಸುಪ್ರೀಂ ಕೋರ್ಟಿಗೆ 2013ರಲ್ಲಿ ನೇಮಕಗೊಂಡ ಲೂಯಿಸ್ ರೊಬೆರ್ಟೊ ಬರೋಸೊ ಇದನ್ನು ಇನ್ನೂ ಮುಂದಕ್ಕೆ ಒಯ್ದು, ಬಹುಮತವನ್ನು ತಡೆಯುವ ಪಾತ್ರದ ಜೊತೆಗೆ ಜನರನ್ನು ಪ್ರತಿನಿಧಿಸುವ ಪಾತ್ರವೂ ನ್ಯಾಯಾಲಯಕ್ಕೆ ಇದೆ ಎನ್ನುತ್ತಾರೆ. ಸರ್ಕಾರಿ ಹುದ್ದೆಗಳಿಗೆ ತಮ್ಮ ಬಂಧುಗಳನ್ನೇ ನೇಮಿಸಿಕೊಳ್ಳುವುದನ್ನು ಆ ದೇಶದ ನ್ಯಾಯಾಲಯ 2008ರಲ್ಲಿ ಮೂರೂ ಅಂಗಗಳಿಗೆ ಅನ್ವಯಿಸುವಂತೆ ನಿಷೇಧಿಸಿತು. 2015ರಲ್ಲಿ ಕಂಪನಿಗಳು ಚುನಾವಣೆಗೆ ದೇಣಿಗೆ ಕೊಡುವುದನ್ನೂ ಅಸಾಂವಿಧಾನಿಕ ಎಂದಿತು. ಎರಡೂ ಜನ ಬಯಸಿದ್ದ ಸುಧಾರಣೆಗಳು, ಆದರೆ ಅವುಗಳಿಂದ ನಷ್ಟವಾಗುವುದು ಕಾನೂನು ಮಾಡಬೇಕಾದವರಿಗೇ ಆಗಿತ್ತು.

ಈ ಮಾತು ಪುಸ್ತಕದಲ್ಲೇ ಉಳಿಯಬಾರದೆಂದು ನಮ್ಮ ಕಡೆ ದಿನನಿತ್ಯ ಕಾಣುವ ಬಗೆಯ ಪ್ರಕರಣವೊಂದನ್ನು ತೆಗೆದುಕೊಳ್ಳೋಣ. ನೀರಾವರಿ ಯೋಜನೆಗೆ ರೈತನೊಬ್ಬನ ನಾಲ್ಕು ಎಕರೆ ಹೊಲ ಹೋಗಿದೆ ಎಂದಿಟ್ಟುಕೊಳ್ಳಿ. ಭೂಸ್ವಾಧೀನಾಧಿಕಾರಿ ನಿಗದಿಪಡಿಸಿದ ಪರಿಹಾರ ಕಡಿಮೆಯಾಯಿತು ಎಂಬುದು ಅವನ ತಕರಾರು. ಶಾಸನಸಭೆಯ ಕಡೆಯಿಂದ ನೋಡಿದರೆ ಅವನು ಬಹುಮತದ ಎದುರು ನಿಂತವನು: ಕಾಲುವೆಯ ನೀರು ಸಾವಿರಾರು ಜನರಿಗೆ ಬೇಕು, ಹೊಲ ಹೋಗುವುದು ಕೆಲವರದು. ಶಾಸಕರು ಆ ಸಾವಿರಾರು ಜನರ ಕಡೆ ನಿಂತರೆ ಅದನ್ನು ತಪ್ಪೆನ್ನಲು ಬಾರದು. ಆದರೆ 1894ರ ಭೂಸ್ವಾಧೀನ ಕಾಯಿದೆಯ 18ನೇ ಸೆಕ್ಷನ್ ಪ್ರಕಾರ, ಹೊಸ ಸ್ವಾಧೀನವಾದರೆ 2013ರ ಕಾಯಿದೆಯ 64ನೇ ಸೆಕ್ಷನ್ ಪ್ರಕಾರ, ಅವನ ತಕರಾರು ವಿಚಾರಣೆಗೆ ಹೋದ ದಿನದಿಂದ ತಲೆ ಎಣಿಸುವ ಲೆಕ್ಕ ನಿಂತುಹೋಗುತ್ತದೆ. ಅಲ್ಲಿ ಒಂದು ಕಡೆ ಅವನು, ಇನ್ನೊಂದು ಕಡೆ ಸರ್ಕಾರ. ಅವನು ಸಾಕ್ಷಿಕಟ್ಟೆ ಹತ್ತಿ ಎಕರೆಗೆ ಇಷ್ಟು ಕ್ವಿಂಟಲ್ ತೊಗರಿ ಬರುತ್ತಿತ್ತು ಎಂದು ಹೇಳುತ್ತಾನೆ. ಕೃಷಿ ಇಲಾಖೆಯ ಇಳುವರಿ ಪ್ರಮಾಣಪತ್ರ, ಎಪಿಎಂಸಿಯ ದರಪಟ್ಟಿ, ಪಕ್ಕದ ಸರ್ವೆ ನಂಬರಿನ ಖರೀದಿ ಪತ್ರ ಕಡತಕ್ಕೆ ಸೇರುತ್ತವೆ. ಸರ್ಕಾರಿ ವಕೀಲರು ಅವನನ್ನು ಪಾಟೀಸವಾಲಿಗೆ ಒಳಪಡಿಸುತ್ತಾರೆ. ಕೊನೆಗೆ ಸಾಗುವಳಿ ಖರ್ಚಿಗೆಂದು ಸಾಮಾನ್ಯವಾಗಿ ಅರ್ಧ ಕಳೆದು, ಉಳಿದ ವಾರ್ಷಿಕ ಆದಾಯವನ್ನು ಹತ್ತರಿಂದ ಗುಣಿಸಿ ಭೂಮಿಗೆ ಬೆಲೆ ಕಟ್ಟಲಾಗುತ್ತದೆ. ಸರ್ಕಾರದ ದರವೇ ಸರಿ ಎಂದು ನ್ಯಾಯಾಧೀಶರಿಗೆ ಕಂಡರೂ ಅದು ಏಕೆ ಸರಿ ಎಂಬುದನ್ನು ಅವರು ಬರೆದು ತೋರಿಸಬೇಕು, ಏಕೆಂದರೆ ಕಾರಣವಿಲ್ಲದ ತೀರ್ಪು ಮೇಲ್ಮನವಿಯಲ್ಲಿ ನಿಲ್ಲುವುದಿಲ್ಲ. ಶಾಸಕರ ಕಚೇರಿಗೆ ಕೊಟ್ಟ ಅರ್ಜಿಗೆ ಉತ್ತರ ಬರಲೇಬೇಕೆಂಬ ಕಟ್ಟಳೆ ಇಲ್ಲ. ನ್ಯಾಯಾಲಯಕ್ಕೆ ಕೊಟ್ಟ ಅರ್ಜಿಗೆ ಕಾರಣಸಹಿತವಾದ ಉತ್ತರ ಬರಲೇಬೇಕು. ನಾನು ಪ್ರಾತಿನಿಧ್ಯ ಎಂದದ್ದು ಇದನ್ನು: ನ್ಯಾಯಾಧೀಶರು ಆ ರೈತನ ಪರ ಎಂದಲ್ಲ, ಅವನ ಮಾತು ಸರ್ಕಾರದ ಮಾತಿನಷ್ಟೇ ತೂಕದಿಂದ ಅಲ್ಲಿ ಹಾಜರಿರುತ್ತದೆ ಎಂದು.

ಮತದ ದಾರಿಯಲ್ಲಿ ಹಾಜರಾಗಲು ಸಾಧ್ಯವೇ ಇಲ್ಲದವರನ್ನೂ ನೆನೆಯಬೇಕು. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯ 62ನೇ ಸೆಕ್ಷನ್ನಿನ 5ನೇ ಉಪಸೆಕ್ಷನ್ ಪ್ರಕಾರ ಜೈಲಿನಲ್ಲಿರುವವರು ಮತ ಹಾಕುವಂತಿಲ್ಲ. ಅಪರಾಧ ಸಾಬೀತಾಗದ ವಿಚಾರಣಾಧೀನ ಕೈದಿಗೂ ಇದು ಅನ್ವಯಿಸುತ್ತದೆ. ಯಾದಗಿರಿ, ಶಹಾಪುರ ಕಡೆಯಿಂದ ಮುಂಬೈ, ಪುಣೆ, ಬೆಂಗಳೂರಿಗೆ ಗುಳೆ ಹೋದ ಕುಟುಂಬಗಳು ಮತದಾನದ ದಿನ ಊರಿನಲ್ಲಿ ಇರುವುದೇ ಕಷ್ಟ. ಹದಿನೆಂಟು ತುಂಬದ ಮಕ್ಕಳ ಮಾತಂತೂ ಇಲ್ಲ. 1979ರ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ಬಿಹಾರದ ಜೈಲುಗಳ ಸ್ಥಿತಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಆರೋಪ ಸಾಬೀತಾದರೆ ಆಗಬಹುದಾಗಿದ್ದ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಬಂಧನದಲ್ಲಿ ಕಳೆದವರು ಅಲ್ಲಿದ್ದರು. ಅವರ ಮತದಿಂದ ಗೆಲ್ಲುವವರು ಯಾರೂ ಇರಲಿಲ್ಲ; ಪತ್ರಿಕಾ ವರದಿಗಳನ್ನು ಆಧಾರವಾಗಿಟ್ಟುಕೊಂಡು ಒಬ್ಬ ವಕೀಲೆ ಹಾಕಿದ ಅರ್ಜಿಯಿಂದ ಶೀಘ್ರ ವಿಚಾರಣೆ ಬದುಕುವ ಹಕ್ಕಿನ ಭಾಗವೆಂದು ಸ್ಥಾಪಿತವಾಯಿತು. ಇಂಥವರ ಪಾಲಿಗೆ ಬಾಗಿಲು ತೆರೆದಿರುವ ಸಭೆ ನ್ಯಾಯಾಲಯವೊಂದೇ ಎಂದು ನಿಮ್ಮ ವಿದ್ಯಾರ್ಥಿಗಳಿಗೆ ಧಾರಾಳವಾಗಿ ಹೇಳಬಹುದು.

ಪ್ರಶ್ನೆ: ಜನರನ್ನು ಪ್ರತಿನಿಧಿಸುವುದಾದರೆ ನ್ಯಾಯಾಲಯ ಜನಾಭಿಪ್ರಾಯಕ್ಕೆ ತಕ್ಕಂತೆ ತೀರ್ಪು ಕೊಡಬೇಕಲ್ಲವೇ? ಊರಿಗೆ ಊರೇ ಒಂದು ಮಾತು ಹೇಳುತ್ತಿರುವಾಗ ನ್ಯಾಯಾಧೀಶರು ಬೇರೊಂದು ಹೇಳಿದರೆ ಅದು ಪ್ರಾತಿನಿಧ್ಯ ಹೇಗಾದೀತು?
ವ್ಯಾಪಾರಿಯೊಬ್ಬರು, ಹುಮನಾಬಾದ್

ಉತ್ತರ: ಇಲ್ಲ, ಮಾನ್ಯರೇ. ಬರೋಸೊ ಅವರ ವಾದದಲ್ಲಿ ನನಗೆ ಪೂರ್ತಿ ಒಪ್ಪಿಗೆಯಾಗದ ಜಾಗವೂ ಇದೇ. ಸಮಾಜದ ಬೇಡಿಕೆಯನ್ನು ಶಾಸಕಾಂಗ ಈಡೇರಿಸದಿದ್ದಾಗ ನ್ಯಾಯಾಲಯ ಈಡೇರಿಸಬಹುದು ಎಂದುಬಿಟ್ಟರೆ, ಆ ಬೇಡಿಕೆಯನ್ನು ಅಳೆಯುವುದು ಯಾರು ಎಂಬ ಪ್ರಶ್ನೆ ಏಳುತ್ತದೆ. ನ್ಯಾಯಾಧೀಶರಿಗೆ ಕ್ಷೇತ್ರವಿಲ್ಲ, ಅವರು ಪ್ರಚಾರಕ್ಕೆ ಹೋಗಿ ಜನರ ಮಾತು ಕೇಳಿ ಬಂದವರಲ್ಲ. ಜನಾಭಿಪ್ರಾಯವೆಂದು ಅವರ ಕಿವಿಗೆ ಬೀಳುವುದು ಬಹುಪಾಲು ಗಟ್ಟಿ ದನಿಯವರ ಅಭಿಪ್ರಾಯ.

ಸಂಖ್ಯೆಯನ್ನು ಅಳತೆಗೋಲು ಮಾಡಿಕೊಂಡಾಗ ಏನಾಗುತ್ತದೆ ಎಂಬುದನ್ನು ನಮ್ಮ ಸುಪ್ರೀಂ ಕೋರ್ಟಿನಲ್ಲಿಯೇ ಕಂಡಿದ್ದೇವೆ. ಸಲಿಂಗ ಸಂಬಂಧವನ್ನು ಅಪರಾಧವೆಂದ ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ನನ್ನು 2013ರ ಡಿಸೆಂಬರಿನಲ್ಲಿ ಎತ್ತಿಹಿಡಿದ ಪೀಠ, ತೊಂದರೆಗೊಳಗಾದವರು ಜನಸಂಖ್ಯೆಯಲ್ಲಿ ತೀರ ಅಲ್ಪಭಾಗ ಎಂಬುದನ್ನೂ ಒಂದು ಕಾರಣವಾಗಿ ನೋಡಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಒಮ್ಮತದಿಂದ ಆ ತೀರ್ಪನ್ನು ತಳ್ಳಿಹಾಕಿ, ಮೂಲಭೂತ ಹಕ್ಕು ತಲೆ ಎಣಿಕೆಯನ್ನು ಅವಲಂಬಿಸುವುದಿಲ್ಲ ಎಂದು ಸ್ಪಷ್ಟಪಡಿಸಿತು. ಊರಿಗೆ ಊರೇ ಒಂದು ಮಾತು ಹೇಳುತ್ತಿರುವಾಗ ಆ ಊರಿನಲ್ಲಿಯೇ ಬಾಯಿ ತೆರೆಯಲು ಅಂಜುತ್ತಿರುವ ಒಂದು ಮನೆಯೂ ಇರಬಹುದು. ನ್ಯಾಯಾಲಯ ಇರುವುದು ಮುಖ್ಯವಾಗಿ ಆ ಮನೆಗಾಗಿ. ಉಳಿದವರಿಗೆ ವಿಧಾನಸೌಧವಿದೆ.

ಪ್ರಶ್ನೆ: ಹಾಗಾದರೆ ನ್ಯಾಯಾಧೀಶರನ್ನೂ ಚುನಾವಣೆಯಲ್ಲೇ ಆರಿಸಿದರೆ ಆಯಿತಲ್ಲ? ಅಮೆರಿಕದಲ್ಲಿ ಹಾಗಿದೆಯಂತೆ.
ಓದುಗರು, ಭಾಲ್ಕಿ

ಉತ್ತರ: ಅಮೆರಿಕದ ಹಲವು ರಾಜ್ಯಗಳಲ್ಲಿ ಇದೆ, ಅಲ್ಲಿನ ಕೇಂದ್ರ ನ್ಯಾಯಾಲಯಗಳಲ್ಲಿ ಇಲ್ಲ. ವೆಸ್ಟ್ ವರ್ಜೀನಿಯಾದಲ್ಲಿ ಕಲ್ಲಿದ್ದಲು ಕಂಪನಿಯ ಮುಖ್ಯಸ್ಥರೊಬ್ಬರು ಒಬ್ಬ ಅಭ್ಯರ್ಥಿಯನ್ನು ಗೆಲ್ಲಿಸಲು ಸುಮಾರು 30 ಲಕ್ಷ ಡಾಲರ್ ಖರ್ಚು ಮಾಡಿದರು. ಗೆದ್ದ ನ್ಯಾಯಾಧೀಶರು ಅದೇ ಕಂಪನಿಯ ಮೇಲ್ಮನವಿಯನ್ನು ಕೇಳಲು ಕುಳಿತರು. ಇದು ನ್ಯಾಯಯುತ ವಿಚಾರಣೆಯಲ್ಲ ಎಂದು 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಮೆಕ್ಸಿಕೋ 2025ರ ಜೂನ್ 1ರಂದು ನ್ಯಾಯಾಧೀಶರ ಚುನಾವಣೆ ನಡೆಸಿದಾಗ ಮತ ಹಾಕಿದವರು ಸುಮಾರು ಶೇ 13ರಷ್ಟು ಮಾತ್ರ. ನಮ್ಮ ಕಡೆಯ ಚುನಾವಣಾ ಖರ್ಚನ್ನು ಬಲ್ಲವರು ಇದನ್ನು ಬಯಸಲಾರರು ಎಂದು ನಾನು ನಂಬಿದ್ದೇನೆ.

ಪ್ರಶ್ನೆ: ಸಂಸತ್ತಿನ ಎರಡೂ ಸದನಗಳು ಒಪ್ಪಿ, ರಾಜ್ಯಗಳ ವಿಧಾನಸಭೆಗಳೂ ಅನುಮೋದಿಸಿದ ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗವನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಕೋಟ್ಯಂತರ ಮತದಾರರ ಪ್ರತಿನಿಧಿಗಳ ನಿರ್ಣಯವನ್ನು ಬೆರಳೆಣಿಕೆಯ ನ್ಯಾಯಮೂರ್ತಿಗಳು ತಳ್ಳಿಹಾಕುವುದು, ಅದೂ ತಮ್ಮ ನೇಮಕಾತಿಯ ವಿಷಯದಲ್ಲಿ, ಪ್ರಜಾಪ್ರಭುತ್ವಕ್ಕೆ ಒಪ್ಪುವಂಥದ್ದೇ?
ನಿವೃತ್ತ ಬ್ಯಾಂಕ್ ಅಧಿಕಾರಿ, ಬೀದರ್

ಉತ್ತರ: ಈ ಆಕ್ಷೇಪಣೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆ ಆಯೋಗವನ್ನು ತಂದ ಸಂವಿಧಾನದ 99ನೇ ತಿದ್ದುಪಡಿ 2014ರ ಆಗಸ್ಟಿನಲ್ಲಿ ಸಂಸತ್ತಿನಲ್ಲಿ ಅಂಗೀಕಾರವಾಗಿ, ಅರ್ಧಕ್ಕಿಂತ ಹೆಚ್ಚು ರಾಜ್ಯಗಳ ಅನುಮೋದನೆ ಪಡೆದು, 2015ರ ಏಪ್ರಿಲ್ 13ರಂದು ಜಾರಿಗೆ ಬಂದಿತ್ತು. ಅದೇ ವರ್ಷ ಅಕ್ಟೋಬರ್ 16ರಂದು ಐವರ ಪೀಠ ನಾಲ್ಕು ಒಂದರ ಬಹುಮತದಿಂದ ಅದನ್ನು ರದ್ದುಪಡಿಸಿತು. ಭಿನ್ನ ತೀರ್ಪು ಬರೆದವರು ನ್ಯಾಯಮೂರ್ತಿ ಜೆ. ಚಲಮೇಶ್ವರ್. 1993ರ ತೀರ್ಪಿನಿಂದ ರೂಪುಗೊಂಡ ಕೊಲಿಜಿಯಂ ಪದ್ಧತಿಯೇ, ಅಂದರೆ ಹಿರಿಯ ನ್ಯಾಯಮೂರ್ತಿಗಳ ಗುಂಪೇ ಹೊಸ ನ್ಯಾಯಮೂರ್ತಿಗಳನ್ನು ಆರಿಸುವ ಪದ್ಧತಿಯೇ, ಮುಂದುವರಿಯಿತು. ನೇಮಕಾತಿಯಲ್ಲಿ ಮುಖ್ಯ ನ್ಯಾಯಮೂರ್ತಿಯ ಒಪ್ಪಿಗೆ ಕಡ್ಡಾಯವಾಗಬೇಕೆಂಬ ಸಲಹೆ ಸಂವಿಧಾನ ಸಭೆಯಲ್ಲಿ ಬಂದಾಗ, 1949ರ ಮೇ 24ರಂದು ಡಾ. ಬಿ.ಆರ್. ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿಯೂ ಎಲ್ಲರಂತೆ ದೌರ್ಬಲ್ಯಗಳೂ ಪೂರ್ವಗ್ರಹಗಳೂ ಉಳ್ಳ ಮನುಷ್ಯ, ಅವರೊಬ್ಬರ ಕೈಗೆ ನೇಮಕಾತಿಯನ್ನೇ ತಡೆಯುವ ವೀಟೊ ಅಧಿಕಾರ ಕೊಡುವುದು ಅಪಾಯಕಾರಿ ಎಂಬುದು ಅವರ ನಿಲುವಾಗಿತ್ತು. ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಬೇಕೆಂದರೆ, ಕೊಲಿಜಿಯಂ ಯಾರನ್ನು ಏಕೆ ಆರಿಸಿತು, ಯಾರನ್ನು ಏಕೆ ಕೈಬಿಟ್ಟಿತು ಎಂಬುದು ಜನರಿಗೆ ತಿಳಿಯುವಂತಾಗದ ಹೊರತು ಆ ತೀರ್ಪಿನ ಸಮರ್ಥನೆ ಅರೆಯಾಗಿಯೇ ಉಳಿಯುತ್ತದೆ. ಎಲ್ಲರಿಂದಲೂ ಕಾರಣ ಕೇಳುವ ಸಂಸ್ಥೆ ತನ್ನ ನೇಮಕಾತಿಗೂ ಕಾರಣ ಕೊಡಬೇಕು.

ಆದರೆ ಇದರಿಂದ, ಚುನಾಯಿತರ ಬಹುಮತವನ್ನು ನ್ಯಾಯಾಲಯ ಎಂದೂ ತಡೆಯಬಾರದು ಎಂಬ ತೀರ್ಮಾನಕ್ಕೆ ಬರಲಾಗದು. 1975ರ ಆಗಸ್ಟಿನಲ್ಲಿ, ತುರ್ತು ಪರಿಸ್ಥಿತಿಯ ನಡುವೆ, ವಿರೋಧ ಪಕ್ಷದ ಹಲವು ಸಂಸದರು ಜೈಲಿನಲ್ಲಿದ್ದಾಗ ಸಂಸತ್ತು 39ನೇ ತಿದ್ದುಪಡಿ ತಂದು ಪ್ರಧಾನಮಂತ್ರಿಯ ಚುನಾವಣೆಯನ್ನು ನ್ಯಾಯಾಲಯ ಪ್ರಶ್ನಿಸುವಂತಿಲ್ಲ ಎಂದಿತು. ಮೂರನೇ ಎರಡರಷ್ಟು ಬಹುಮತವಿತ್ತು, ರಾಜ್ಯಗಳ ಅನುಮೋದನೆಯೂ ಸಿಕ್ಕಿತ್ತು. 1975ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಇಂದಿರಾ ಗಾಂಧಿಯವರ ಚುನಾವಣೆಯನ್ನು ಎತ್ತಿಹಿಡಿಯಿತಾದರೂ, ಆ ತಿದ್ದುಪಡಿಯ ಸಂಬಂಧಪಟ್ಟ ಭಾಗವನ್ನು, 1973ರ ಕೇಶವಾನಂದ ಭಾರತಿ ಪ್ರಕರಣದಲ್ಲಿ ತಾನೇ ರೂಪಿಸಿದ್ದ, ತಿದ್ದುಪಡಿಯಿಂದಲೂ ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂಬ ತತ್ವದ ಆಧಾರದ ಮೇಲೆ ತೊಡೆದುಹಾಕಿತು. ಮತದಾರರ ಹೆಸರಿನಲ್ಲಿ ಮಾಡಿದ ಆ ತಿದ್ದುಪಡಿ ಮತದಾರರ ಕೈಯಿಂದಲೇ ನ್ಯಾಯಯುತ ಚುನಾವಣೆಯ ಖಾತ್ರಿಯನ್ನು ಕಸಿದುಕೊಳ್ಳುತ್ತಿತ್ತು.

ನಮ್ಮ ರಾಜ್ಯದ್ದೇ ಇನ್ನೊಂದು ಪ್ರಕರಣವಿದೆ. 1989ರ ಏಪ್ರಿಲಿನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿದಾಗ, ಸದನದಲ್ಲಿ ಬಹುಮತ ತೋರಿಸುವ ಅವಕಾಶವನ್ನೇ ಅವರಿಗೆ ಕೊಡಲಿಲ್ಲ. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತದ ಪರೀಕ್ಷೆ ನಡೆಯಬೇಕಾದದ್ದು ವಿಧಾನಸಭೆಯ ಅಂಗಳದಲ್ಲಿ, ರಾಜ್ಯಪಾಲರ ಮನಸ್ಸಿನಲ್ಲಲ್ಲ ಎಂದು ನಿರ್ಣಯಿಸಿತು. ಇಲ್ಲಿ ನ್ಯಾಯಾಲಯ ಯಾರ ಸರ್ಕಾರ ಇರಬೇಕೆಂದು ತಾನು ತೀರ್ಮಾನಿಸಲಿಲ್ಲ; ಆ ತೀರ್ಮಾನವನ್ನು ಜನರ ಪ್ರತಿನಿಧಿಗಳ ಕೈಗೆ ಹಿಂತಿರುಗಿಸಿತು. ಚುನಾವಣಾ ಬಾಂಡ್ ಯೋಜನೆಯನ್ನು 2024ರ ಫೆಬ್ರವರಿ 15ರಂದು ರದ್ದುಪಡಿಸಿದ ತೀರ್ಪೂ ಇದೇ ಬಗೆಯದು: ಯಾವ ಪಕ್ಷಕ್ಕೆ ಯಾರ ಹಣ ಬಂತೆಂದು ತಿಳಿಯುವ ಹಕ್ಕು ಮತದಾರನಿಗೆ ಇದೆ ಎಂದಿತೇ ಹೊರತು ಯಾರಿಗೆ ಮತ ಹಾಕಬೇಕೆಂದು ಹೇಳಲಿಲ್ಲ. ನ್ಯಾಯಾಲಯದ ಹಸ್ತಕ್ಷೇಪ ಮತದಾರನ ಕೈಯನ್ನು ಬಲಪಡಿಸುತ್ತಿದೆಯೇ ಅಥವಾ ಅವನ ಬದಲಿಗೆ ತಾನೇ ನಿರ್ಧರಿಸುತ್ತಿದೆಯೇ ಎಂದು ನಾನು ಪ್ರತಿ ತೀರ್ಪಿನಲ್ಲೂ ನೋಡುತ್ತೇನೆ. ಮೊದಲನೆಯದಾದರೆ ಸ್ವಾಗತಿಸುತ್ತೇನೆ, ಎರಡನೆಯದಾದರೆ ಅಂಜುತ್ತೇನೆ.

ನ್ಯಾಯಾಲಯವೂ ಸೋತದ್ದುಂಟು ಎಂಬುದನ್ನು ಮುಚ್ಚಿಡಬಾರದು. 1976ರ ಏಪ್ರಿಲ್ 28ರಂದು ಎಡಿಎಂ ಜಬಲ್ಪುರ ಪ್ರಕರಣದಲ್ಲಿ, ತುರ್ತು ಪರಿಸ್ಥಿತಿಯಲ್ಲಿ ಬಂಧನವನ್ನು ಪ್ರಶ್ನಿಸಲು ನಾಗರಿಕನಿಗೆ ನ್ಯಾಯಾಲಯದ ಬಾಗಿಲು ತೆರೆಯುವುದಿಲ್ಲ ಎಂದು ನಾಲ್ವರು ಹೇಳಿದರು, ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಭಿನ್ನವಾಗಿ ನಿಂತರು. ಆ ತಪ್ಪನ್ನು ಮೊದಲು ಸರಿಪಡಿಸಿದವರು 1977ರ ಮಾರ್ಚಿನಲ್ಲಿ ಮತಗಟ್ಟೆಗೆ ಹೋದ ಸಾಮಾನ್ಯ ಜನರು.

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿನಿ. ಪೀಠದಲ್ಲಿ ಕುಳಿತವರೇ ಸಮಾಜದ ಎಲ್ಲ ಕಡೆಯಿಂದ ಬಂದಿಲ್ಲವಾದರೆ ನ್ಯಾಯಾಲಯ ಸಮಾಜವನ್ನು ಪ್ರತಿನಿಧಿಸುವುದು ಹೇಗೆ, ಸರ್? ಹೆಣ್ಣುಮಕ್ಕಳು, ದಲಿತರು, ನಮ್ಮ ಕಲ್ಯಾಣ ಕರ್ನಾಟಕದವರು ಅಲ್ಲಿ ಎಷ್ಟು ಮಂದಿ?
ಕಲಬುರಗಿ

ಉತ್ತರ: ತಂಗೀ, ನಿನ್ನ ಪ್ರಶ್ನೆ ಈ ಎಲ್ಲ ಪತ್ರಗಳಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟಿತು. ಸಿವಿಲ್ ನ್ಯಾಯಾಧೀಶರ ನೇಮಕಾತಿಯಲ್ಲಿ ಮೀಸಲಾತಿ ಇದೆ. ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟುಗಳಲ್ಲಿ ಇಲ್ಲ. ನಮ್ಮ ಭಾಗಕ್ಕೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಪಾಲು ಕೊಟ್ಟ 371ಜೆ ವಿಧಿಯೂ ಹೈಕೋರ್ಟಿನ ಪೀಠದವರೆಗೆ ಚಾಚುವುದಿಲ್ಲ. ಸುಪ್ರೀಂ ಕೋರ್ಟ್ 1950ರಲ್ಲಿ ಆರಂಭವಾದರೂ ಮೊದಲ ಮಹಿಳಾ ನ್ಯಾಯಮೂರ್ತಿಯಾಗಿ ಫಾತಿಮಾ ಬೀವಿಯವರು ಬಂದದ್ದು 1989ರಲ್ಲಿ. ದಲಿತ ಸಮುದಾಯದ ಮೊದಲ ಮುಖ್ಯ ನ್ಯಾಯಮೂರ್ತಿಯಾಗಿ ಕೆ.ಜಿ. ಬಾಲಕೃಷ್ಣನ್ 2007ರಲ್ಲಿ, ಎರಡನೆಯವರಾಗಿ ಬಿ.ಆರ್. ಗವಾಯಿ 2025ರಲ್ಲಿ ಅಧಿಕಾರ ಸ್ವೀಕರಿಸಿದರು. 2021ರ ಆಗಸ್ಟ್ 31ರಂದು ಒಂದೇ ದಿನ ಮೂವರು ಮಹಿಳೆಯರು ಸುಪ್ರೀಂ ಕೋರ್ಟಿನಲ್ಲಿ ಪ್ರಮಾಣ ವಚನ ಸ್ವೀಕರಿಸಿದರು. ಅವರಲ್ಲಿ ಒಬ್ಬರು ನಮ್ಮ ರಾಜ್ಯದ ಬಿ.ವಿ. ನಾಗರತ್ನ.

ನ್ಯಾಯಾಧೀಶರು ತಮ್ಮ ಜಾತಿಯ, ಲಿಂಗದ ಪರವಾಗಿ ತೀರ್ಪು ಕೊಡಲಿ ಎಂದು ಯಾರೂ ಕೇಳುತ್ತಿಲ್ಲ. ಸಾಕ್ಷಿಯನ್ನು ಅರ್ಥಮಾಡಿಕೊಳ್ಳುವಾಗ ಅನುಭವ ಕೆಲಸ ಮಾಡುತ್ತದೆ ಎಂಬುದಷ್ಟೇ ಮಾತು. ಮಹಾರಾಷ್ಟ್ರದ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಪೊಲೀಸ್ ಠಾಣೆಯಲ್ಲಿ ಅತ್ಯಾಚಾರವಾಯಿತೆಂಬ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪೊಲೀಸರನ್ನು ಖುಲಾಸೆಗೊಳಿಸಿತು. ಅವಳ ಮೈಮೇಲೆ ಗಾಯಗಳಿಲ್ಲ, ಅವಳು ಪ್ರತಿಭಟಿಸಿದ ಗುರುತಿಲ್ಲ ಎಂಬುದು ಮುಖ್ಯ ಕಾರಣಗಳಲ್ಲಿ ಒಂದು. ರಾತ್ರಿ ಹೊತ್ತು ಠಾಣೆಯೊಳಗೆ ಸಮವಸ್ತ್ರದವರ ಎದುರು ನಿಂತ ಬಡ ಹುಡುಗಿಯ ಸುಮ್ಮನಿರುವಿಕೆ ಒಪ್ಪಿಗೆಯಲ್ಲ ಎಂಬುದು ಆ ಪೀಠಕ್ಕೆ ಕಾಣಲಿಲ್ಲ. 1979ರಲ್ಲಿ ನಾಲ್ವರು ಕಾನೂನು ಪ್ರಾಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು, ಮಹಿಳಾ ಸಂಘಟನೆಗಳು ಬೀದಿಗಿಳಿದವು, ಕೊನೆಗೆ 1983ರಲ್ಲಿ ಸಂಸತ್ತು ಕಾನೂನನ್ನೇ ತಿದ್ದಿ, ಪೊಲೀಸ್ ವಶದಲ್ಲಿ ನಡೆದ ಅತ್ಯಾಚಾರದಲ್ಲಿ ತಾನು ಒಪ್ಪಿರಲಿಲ್ಲ ಎಂದು ಸಂತ್ರಸ್ತೆ ಹೇಳಿದರೆ ನ್ಯಾಯಾಲಯ ಅದನ್ನು ಹಾಗೆಯೇ ಭಾವಿಸಬೇಕೆಂದಿತು. ಇದಕ್ಕೆ ಹೋಲಿಸಿದರೆ, ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳದ ವಿರುದ್ಧ ಮಾರ್ಗಸೂಚಿ ನೀಡಿದ 1997ರ ವಿಶಾಖಾ ಪ್ರಕರಣದ ಮೂವರ ಪೀಠದಲ್ಲಿ ನ್ಯಾಯಮೂರ್ತಿ ಸುಜಾತಾ ಮನೋಹರ್ ಇದ್ದರು. ಒಬ್ಬರ ಇರುವಿಕೆಯಿಂದಲೇ ಎಲ್ಲವೂ ಬದಲಾಯಿತು ಎನ್ನಲಾರೆ. ಆದರೆ ಪೀಠದ ಚರ್ಚೆಯಲ್ಲಿ ಯಾರೂ ಎತ್ತದ ಪ್ರಶ್ನೆ ತೀರ್ಪಿನಲ್ಲೂ ಬರುವುದಿಲ್ಲ. ನಿನ್ನಂಥವರು ವಕೀಲಿ ವೃತ್ತಿಯಲ್ಲಿ ಮೊದಲ ಹತ್ತು ವರ್ಷ ಗಟ್ಟಿಯಾಗಿ ನಿಲ್ಲಬೇಕು. ಹೈಕೋರ್ಟ್ ನ್ಯಾಯಮೂರ್ತಿಯಾಗಲು ವಕೀಲರಿಗೆ ಸಂವಿಧಾನ ಕೇಳುವ ಅನುಭವವೂ ಹತ್ತು ವರ್ಷದ್ದೇ.

ಪ್ರಶ್ನೆ: ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಅವಧಿ 2021ರಲ್ಲೇ ಮುಗಿದು ವರ್ಷಗಳೇ ಕಳೆದವು. ಸದಸ್ಯರಿಲ್ಲ, ಅಧಿಕಾರಿಗಳೇ ಎಲ್ಲ. ಇಂಥ ಹೊತ್ತಿನಲ್ಲಿ ನ್ಯಾಯಾಲಯ ಏನು ಮಾಡಬಹುದು, ಸಾಹೇಬರೇ?
ಗ್ರಾಮ ಪಂಚಾಯತಿ ಮಾಜಿ ಸದಸ್ಯೆ, ಶಹಾಪುರ ತಾಲ್ಲೂಕು

ಉತ್ತರ: ಅಕ್ಕಾವರೇ, ನ್ಯಾಯಾಲಯ ನಿಮ್ಮ ಬದಲಿಗೆ ಆಡಳಿತ ನಡೆಸಲಾರದು, ನಡೆಸಲೂ ಬಾರದು. ನಿಮ್ಮನ್ನು ಆರಿಸುವ ಅವಕಾಶ ಜನರಿಗೆ ಮರಳಿ ಸಿಗುವಂತೆ ಮಾಡುವುದು ಅದರ ಕೆಲಸ. ಸಂವಿಧಾನದ 243ಇ ವಿಧಿ ಪಂಚಾಯತಿಯ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಲ್ಲ ಎನ್ನುತ್ತದೆ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎನ್ನುತ್ತದೆ. 2006ರಲ್ಲಿ ಅಹಮದಾಬಾದ್ ನಗರಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಕಾಲಕ್ಕೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗದ ಕರ್ತವ್ಯ, ಸರ್ಕಾರ ಸಹಕರಿಸದಿದ್ದರೆ ಆಯೋಗ ಹೈಕೋರ್ಟಿಗೆ ಹೋಗಬಹುದು ಎಂದಿತು. 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ, ಕ್ಷೇತ್ರ ಪುನರ್ವಿಂಗಡಣೆ ಅಥವಾ ಹಿಂದುಳಿದ ವರ್ಗಗಳ ಮೀಸಲಾತಿಯ ಸಿದ್ಧತೆ ಮುಗಿದಿಲ್ಲವೆಂಬ ಕಾರಣಕ್ಕೆ ಚುನಾವಣೆಯನ್ನು ಮುಂದೂಡಲಾಗದು ಎಂದೂ ಹೇಳಿತು.

ನಮ್ಮ ರಾಜ್ಯದಲ್ಲಿ ನಡೆದದ್ದು ಸರಿಸುಮಾರು ಇದೇ. 2016ರಲ್ಲಿ ಆರಿಸಿದ ಸಂಸ್ಥೆಗಳ ಅವಧಿ ಮುಗಿಯುವ ಹೊತ್ತಿಗೆ ಕ್ಷೇತ್ರ ಪುನರ್ವಿಂಗಡಣೆಯ ಕೆಲಸವನ್ನು ಚುನಾವಣಾ ಆಯೋಗದಿಂದ ತೆಗೆದು ಬೇರೊಂದು ಆಯೋಗಕ್ಕೆ ವಹಿಸಲಾಯಿತು. ಮೀಸಲಾತಿ ಪಟ್ಟಿಯ ವಿವಾದ ಸೇರಿಕೊಂಡಿತು. ವಿಷಯ ಹೈಕೋರ್ಟಿನಲ್ಲಿ ವಾಯಿದೆಯ ಮೇಲೆ ವಾಯಿದೆ ಕಂಡಿತು. ಕಾನೂನು ಇಷ್ಟು ಸ್ಪಷ್ಟವಾಗಿರುವಾಗ ವರ್ಷಗಟ್ಟಲೆ ಕಾಲಾವಕಾಶ ಕೊಡುತ್ತ ಹೋದದ್ದು ನ್ಯಾಯಾಂಗದ ಕಡೆಯಿಂದಲೂ ಆದ ಲೋಪ ಎಂದೇ ನನ್ನ ಭಾವನೆ. ಕುಡಿಯುವ ನೀರಿನ ದೂರನ್ನು ತಾಲ್ಲೂಕು ಪಂಚಾಯತಿ ಸಭೆಯಲ್ಲಿ ಎತ್ತಬೇಕಾಗಿದ್ದ ಸದಸ್ಯೆಯೇ ಇಲ್ಲದ ಊರಿನಲ್ಲಿ, ಪ್ರಾತಿನಿಧ್ಯದ ಬಗ್ಗೆ ಎಷ್ಟು ಒಳ್ಳೆಯ ತೀರ್ಪು ಬರೆದರೂ ಅದು ತಡವಾದ ತೀರ್ಪು.

ಪ್ರಶ್ನೆ: ನನ್ನ ಜಮೀನಿನ ಮೇಲ್ಮನವಿ ಕಲಬುರಗಿ ಹೈಕೋರ್ಟಿನಲ್ಲಿ ತೀರ್ಮಾನವಾಗಿದೆ. ಆದೇಶ ಪೂರ್ತಿ ಇಂಗ್ಲಿಷಿನಲ್ಲಿದೆ. ಸೋತೆ ಎಂದು ವಕೀಲರು ಹೇಳಿದರು, ಏಕೆ ಸೋತೆ ಎಂದು ತಿಳಿಯಲಿಲ್ಲ. ನಾನೇನು ಮಾಡಲಿ?
ರೈತ, ಸುರಪುರ

ಉತ್ತರ: ಅಣ್ಣಾವರೇ, ಕಾರಣ ಹೇಳುವುದರಿಂದಲೇ ನ್ಯಾಯಾಲಯಕ್ಕೆ ಬೆಲೆ ಎಂದು ಮೇಲೆ ಬರೆದೆ. ಆ ಕಾರಣ ನಿಮಗೆ ತಲುಪದಿದ್ದರೆ ನಿಮ್ಮ ಮಟ್ಟಿಗೆ ಅರ್ಧ ನ್ಯಾಯವೇ ಆದದ್ದು.

ನಿಜಾಮರ ಕಾಲದಲ್ಲಿ ಇಲ್ಲಿನ ಕೋರ್ಟು ಕಚೇರಿಗಳ ಭಾಷೆ ಉರ್ದುವಾಗಿತ್ತು. ಕನ್ನಡ ಮಾತಾಡುವ ರೈತನಿಗೆ ತನ್ನ ಹುಕುಂ ಓದಿಸಿಕೊಳ್ಳಲು ಇನ್ನೊಬ್ಬರು ಬೇಕಿತ್ತು. 1956ರ ಏಕೀಕರಣದ ನಂತರ ಕೆಳ ಹಂತದ ನ್ಯಾಯಾಲಯಗಳಲ್ಲಿ ಕನ್ನಡಕ್ಕೆ ದಾರಿಯಾಯಿತು. ಆದರೆ ಸಂವಿಧಾನದ 348ನೇ ವಿಧಿಯ ಪ್ರಕಾರ ಹೈಕೋರ್ಟಿನ ಭಾಷೆ ಇಂಗ್ಲಿಷ್. ರಾಷ್ಟ್ರಪತಿಯ ಒಪ್ಪಿಗೆ ಇದ್ದರೆ ರಾಜ್ಯದ ಭಾಷೆಯನ್ನು ಬಳಸಬಹುದು. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ ಮತ್ತು ಬಿಹಾರಗಳಲ್ಲಿ ಹಿಂದಿಗೆ ಆ ಅವಕಾಶ ಸಿಕ್ಕಿದೆ. ಕನ್ನಡಕ್ಕಾಗಿ ನಮ್ಮ ರಾಜ್ಯ ಕೇಳಿದ್ದಕ್ಕೆ 2012ರಲ್ಲಿ ಸುಪ್ರೀಂ ಕೋರ್ಟ್ ಸಮ್ಮತಿಸಲಿಲ್ಲ. 2024ರ ಡಿಸೆಂಬರಿನಲ್ಲಿ ನಮ್ಮ ಹೈಕೋರ್ಟಿನ ಪೀಠವೊಂದು ಕನ್ನಡದಲ್ಲಿಯೂ ತೀರ್ಪು ಓದಿದಾಗ ಅದು ಸುದ್ದಿಯಾಯಿತು; ಅದು ಸುದ್ದಿಯಾಗದಷ್ಟು ಸಹಜವಾಗಬೇಕು. ಕ್ರಿಮಿನಲ್ ಪ್ರಕರಣದಲ್ಲಿ ತೀರ್ಪಿನ ಸಾರಾಂಶವನ್ನು ಆರೋಪಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂಬ ನಿಯಮ ಹಿಂದಿನಿಂದಲೂ ಇದೆ, ಆದರೆ ಅದೇ ನಿಯಮ ಅವನ ವಕೀಲರಿಗೆ ತಿಳಿದರೂ ಸಾಕು ಎಂದು ಒಂದು ಕಂಡಿಯನ್ನೂ ಬಿಟ್ಟಿದೆ. ನಿಮ್ಮಂಥ ಸಿವಿಲ್ ಪ್ರಕರಣದವರಿಗೆ ಅಷ್ಟೂ ಇಲ್ಲ.

ದೂರದ ಸಮಸ್ಯೆ ಒಂದು ಮಟ್ಟಿಗೆ ಬಗೆಹರಿದಿದೆ. ವಕೀಲರೂ ಜನರೂ ಬಹುಕಾಲ ಹೋರಾಡಿದ ಮೇಲೆ 2008ರ ಜುಲೈಯಲ್ಲಿ ಧಾರವಾಡ ಮತ್ತು ಕಲಬುರಗಿಗಳಲ್ಲಿ ಸಂಚಾರಿ ಪೀಠಗಳು ಬಂದವು, 2013ರ ಆಗಸ್ಟಿನಲ್ಲಿ ಅವು ಕಾಯಂ ಆದವು. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳವರು ಈಗ ಒಂದು ವಿಚಾರಣೆಗಾಗಿ ರಾತ್ರಿಯಿಡೀ ಬೆಂಗಳೂರಿಗೆ ಪ್ರಯಾಣ ಮಾಡಬೇಕಾಗಿಲ್ಲ. ಪೀಠ ಹತ್ತಿರ ಬಂದಷ್ಟು ಅದರ ಭಾಷೆ ಹತ್ತಿರ ಬಂದಿಲ್ಲ.

ಇನ್ನು ನೀವು ಮಾಡಬೇಕಾದದ್ದು. ಆದೇಶದ ದೃಢೀಕೃತ ನಕಲಿಗೆ ಅರ್ಜಿ ಹಾಕಿಸಿ. ನಕಲು ಕೈಗೆ ಬಂದ ಮೇಲೆ ವಕೀಲರ ಎದುರು ಕುಳಿತು, ಕೊನೆಯ ಪ್ಯಾರಾವನ್ನಷ್ಟೇ ಅಲ್ಲ, ಅದಕ್ಕೂ ಮೊದಲಿನ ಪುಟಗಳಲ್ಲಿ ನಿಮ್ಮ ಯಾವ ದಾಖಲೆಯನ್ನು ಏಕೆ ಒಪ್ಪಲಿಲ್ಲ ಎಂಬುದನ್ನು ಕನ್ನಡದಲ್ಲಿ ಹೇಳಿ ಎಂದು ಕೇಳಿ. ಇದನ್ನು ಕೇಳಲು ಸಂಕೋಚಪಡಬೇಕಾಗಿಲ್ಲ, ವಿವರಿಸುವುದು ಅವರ ಕರ್ತವ್ಯ. ಅಲ್ಲಿ ತಿಳಿಯದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ ಶುಲ್ಕವಿಲ್ಲದ 15100 ಸಂಖ್ಯೆಗೆ ಕರೆ ಮಾಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಮಹಿಳೆಯರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು ಸಿಗುತ್ತದೆ. ಉಳಿದವರಿಗೆ ಆದಾಯದ ಮಿತಿ ಇದೆ. ಸುಪ್ರೀಂ ಕೋರ್ಟಿಗೆ ಹೋಗುವ ಯೋಚನೆ ಇದ್ದರೆ ಹೈಕೋರ್ಟ್ ಆದೇಶದ ದಿನದಿಂದ ಸಾಮಾನ್ಯವಾಗಿ 90 ದಿನಗಳ ಕಾಲಾವಕಾಶ ಇರುತ್ತದೆ, ಆದ್ದರಿಂದ ಆದೇಶದ ಮೇಲಿನ ದಿನಾಂಕವನ್ನು ಇಂದೇ ನೋಡಿಸಿಕೊಳ್ಳಿ.